ಚೊಗರು ಚೆಲ್ಲಿದ ವರ್ಷ

ಮೂರು ತಿಂಗಳಿಗೊಮ್ಮೆ ಮಾತ್ರೆ ತರಲು ನಾನು ದುರ್ಗಕ್ಕೆ ಹೋಗುತ್ತೇನೆ. ನಮ್ಮೂರು ಗೋವಿನಕೋವಿ. ಶಿವಮೊಗ್ಗ ಹತ್ತಿರ, ದಾವಣಗೆರೆಯೂ ದೂರವೇನಲ್ಲ, ಎರಡು ಕಡೆಯೂ ಆ ಮಾತ್ರೆ ಕೊಡುತ್ತಾರೆ. ಆದರೆ ಎರಡು ಕಡೆಯೂ ನಮ್ಮೂರ ಮಂದಿ ಎದುರಾಗುತ್ತಾರೆ. ದುರ್ಗದಲ್ಲಿ ನನ್ನ ಗುರುತಿನವರು ಯಾರೂ ಇಲ್ಲ. ಅದಕ್ಕೇ ಬಸ್ಸು ಬದಲಾಯಿಸಿಕೊಂಡು ಅಲ್ಲಿಗೇ ಹೋಗುತ್ತೇನೆ. ನನಗಿರುವುದು ಎಚ್‌ಐವಿ. ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಸಲೀಸು, ನನಗೂ ಸಲೀಸು.

ಈ ಸಲ ಚನ್ನಗಿರಿಯಲ್ಲಿ ಇಳಿದಾಗ ಚೊಗರಿನ ವಾಸನೆ ಬಂತು. ಸುಲಿದ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದಾಗ ನೀರು ಕೆಂಪಗೆ ಮಂದವಾಗುತ್ತದಲ್ಲ, ಅದೇ ಚೊಗರು. ಆ ಒಗರು ಮೂಗಿಗಿಂತ ಮೊದಲು ಹಲ್ಲಿಗೆ ತಾಗುತ್ತದೆ. ದುರ್ಗದ ಬಸ್ಸಿಗೆ ಇನ್ನೂ ಒಂದು ಗಂಟೆ ಇದೆ ಎಂದರು. ಸುಮ್ಮನೆ ಕೂರುವ ಬದಲು ನಡೆದುಕೊಂಡು ರುದ್ರಪ್ಪನ ಖೇಣಿ ಮನೆಯ ಕಡೆ ಹೋದೆ.

ಖೇಣಿ ಮನೆ ಎಂದರೆ ತೋಟದವರಿಂದ ಹಸಿ ಅಡಿಕೆ ಹಿಡಿದು ಸುಲಿಸಿ, ಬೇಯಿಸಿ, ಒಣಗಿಸುವ ಜಾಗ. ತಗಡಿನ ಚಪ್ಪರದ ಕೆಳಗೆ ನಾವು ಹದಿನಾಲ್ಕು ಹೆಂಗಸರು ಕೂರುತ್ತಿದ್ದಲ್ಲಿ ಈಗ ಒಂದು ಯಂತ್ರ ನಿಂತಿದೆ. ಗಡಗಡ ಸದ್ದು ಮಾಡುತ್ತಾ ಒಂದು ಬದಿಗೆ ಸಿಪ್ಪೆ, ಇನ್ನೊಂದು ಬದಿಗೆ ಅಡಿಕೆ ಉಗುಳುತ್ತದೆ. ಅದಕ್ಕೆ ಬೆರಳಿಲ್ಲ, ಕುಯ್ದುಕೊಳ್ಳುವುದಿಲ್ಲ. ರುದ್ರಪ್ಪನಿಗೆ ನೆಮ್ಮದಿ. ನಡುವಿನ ಕಲ್ಲುಕಂಬ ಮಾತ್ರ ಹಾಗೇ ಇದೆ. ಅದರ ಈಚೆ ನಾನು, ಆಚೆ ತಿಪ್ಪಮ್ಮ ಕೂತದ್ದು ಒಂದೇ ಸುಗ್ಗಿ. ಏಳು ವರ್ಷವಾಯಿತು.

ಆ ವರ್ಷ ದಸರಾ ಕಳೆದರೂ ಮಳೆ ಬಿಡಲಿಲ್ಲ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಮೂರಕ್ಕೆ ಗುಡುಗು. ಅಂಗಳದಲ್ಲಿ ಹರಡಿದ ಅಡಿಕೆಯ ಮೇಲೆ ದಿನಕ್ಕೆ ಎರಡು ಸಲ ಟಾರ್ಪಾಲು ಎಳೆಯುವುದು, ತೆಗೆಯುವುದು. ಹಸಿ ಅಡಿಕೆ ಟ್ರ್ಯಾಕ್ಟರಿನಲ್ಲಿ ಬಂದು ಬೀಳುತ್ತಲೇ ಇತ್ತು. ಸುಲಿಯುವುದು ತಡವಾದರೆ ರಾಶಿ ಬಿಸಿಯಾಗಿ ಕೊಳೆಯುತ್ತದೆ. ಹಾಗಾಗಿ ರುದ್ರಪ್ಪ ನಮ್ಮನ್ನು ಬಹಳ ಮರ್ಯಾದೆಯಿಂದ ಮಾತಾಡಿಸುತ್ತಿದ್ದ.

ಹೊನ್ನಾಳಿ, ನ್ಯಾಮತಿ ಕಡೆಯಿಂದ ಹೆಂಗಸರನ್ನು ಕೂಡಿಸಿಕೊಂಡು ಹೋಗುತ್ತಿದ್ದವಳು ನಾನೇ. ದೀಪಾವಳಿ ದಾಟುವವರೆಗೂ ಅಲ್ಲೇ ಊಟ, ಚಪ್ಪರದ ಹಿಂದಿನ ಕೋಣೆಯಲ್ಲೇ ಮಲಗುವುದು. ಮಣೆಗೆ ಕೂರಿಸಿದ ಬಾಗಿದ ಕತ್ತಿಗೆ ಮೆಟ್ಟುಗತ್ತಿ ಎನ್ನುತ್ತೇವೆ. ಮಣೆಯನ್ನು ಕಾಲಡಿ ಒತ್ತಿ ಹಿಡಿದು ಅಡಿಕೆಯನ್ನು ಕತ್ತಿಗೆ ಕೊಟ್ಟರೆ ಸಿಪ್ಪೆ ಬಿಡುತ್ತದೆ. ಅವರವರ ಕತ್ತಿ ಅವರವರೇ ತರಬೇಕು. ನಮ್ಮಲ್ಲಿ ಯಾರೂ ತಮ್ಮ ಕತ್ತಿಗೆ ಇನ್ನೊಬ್ಬರನ್ನು ಕೂರಿಸುವುದಿಲ್ಲ, ಕೂರಿಸಿದರೆ ಕತ್ತಿಯ ಹದ ಕೆಡುತ್ತದೆ.

ಆಗ ನಾನು ಮಾತ್ರೆ ನುಂಗಲು ಶುರು ಮಾಡಿ ಮೂರು ವರ್ಷವಾಗಿತ್ತು. ಗಂಡ ಲಾರಿ ಓಡಿಸಿಕೊಂಡು ಊರೂರು ತಿರುಗಿದವನು. ಸತ್ತಾಗ ಕಾಮಾಲೆ ಎಂದರು, ನಾನೂ ಹಾಗೇ ನಂಬಿದೆ. ಒಂಬತ್ತು ವರ್ಷ ಕಳೆದ ಮೇಲೆ ನನಗೆ ಬಿಡದ ಜ್ವರ ಬಂದು ರಕ್ತ ಪರೀಕ್ಷೆ ಮಾಡಿದಾಗ ನಿಜ ಗೊತ್ತಾಯಿತು. ದುರ್ಗದ ಆಸ್ಪತ್ರೆಯಲ್ಲಿ ತಿಳಿಹೇಳುವ ಹುಡುಗಿಯೊಬ್ಬಳಿದ್ದಳು. ನಾನು ಅಳುತ್ತೇನೆಂದು ಕಾದಳು. ನಾನು ಕೇಳಿದ್ದು ಒಂದೇ.

"ನಂದು ಅಡಿಕೆ ಸುಲಿಯೋ ಕೆಲ್ಸ. ಬೆರಳು ಕುಯ್ತೈತೆ, ಅಡಿಕೆ ಮ್ಯಾಲೆ ರಕ್ತ ಬೀಳ್ತೈತೆ. ತಿಂದೋರಿಗೆ ಬರ್ತೈತೇನವ್ವ?"

"ಬರಲ್ಲ ಅಜ್ಜಿ. ಮೈಯಿಂದ ಹೊರಗೆ ಬಿದ್ದ ಮೇಲೆ ಅದು ಹೆಚ್ಚು ಹೊತ್ತು ಉಳಿಯಲ್ಲ. ಮೇಲೆ ನೀವು ಬೇಯಿಸ್ತೀರಿ, ಒಣಗಿಸ್ತೀರಿ. ತಿನ್ನೋದರಿಂದ, ಒಂದೇ ಚೊಂಬಿನ ನೀರು ಕುಡಿಯೋದರಿಂದ, ಪಕ್ಕದಲ್ಲಿ ಕೂರೋದರಿಂದ ಬರಲ್ಲ. ಕತ್ತಿ ಮಾತ್ರ ಯಾರಿಗೂ ಕೊಡಬೇಡಿ, ಗಾಯ ಆದ್ರೆ ನೀವೇ ಕಟ್ಕೊಳ್ಳಿ. ಮಾತ್ರೆ ಒಂದು ದಿನವೂ ತಪ್ಪಿಸಬೇಡಿ."

ಇದರಲ್ಲಿ ಕಷ್ಟವಾದದ್ದು ಏನೂ ಇರಲಿಲ್ಲ. ಮಾತ್ರೆಯ ಡಬ್ಬಿಯನ್ನು ಎಲೆಅಡಿಕೆಯ ಚೀಲದಲ್ಲಿ ಇಟ್ಟುಕೊಂಡೆ. ರಾತ್ರಿ ಊಟವಾದ ಕೂಡಲೇ ಎಲ್ಲರ ಎದುರೇ ನುಂಗುತ್ತಿದ್ದೆ. ಬಿಪಿ ಮಾತ್ರೆ ಎಂದು ಅವರೇ ಅಂದುಕೊಂಡರು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಮೈ ಕೈ ತುಂಬಿಕೊಂಡಿತ್ತು. ಸುಲಿದ ಅಡಿಕೆಯನ್ನು ತಗಡಿನ ಡಬ್ಬದಲ್ಲಿ ಅಳೆಯುತ್ತಿದ್ದರು, ದಿನಕ್ಕೆ ಎಲ್ಲರಿಗಿಂತ ಒಂದು ಡಬ್ಬ ಹೆಚ್ಚೇ ಸುಲಿಯುತ್ತಿದ್ದೆ.

ತಿಪ್ಪಮ್ಮ ಜಗಳೂರು ಕಡೆಯವಳು, ಸೊಕ್ಕೆಯಿಂದ ಕೆಲಸ ಕೇಳಿಕೊಂಡು ಬಂದಿದ್ದಳು, ನಾನೇ ಗುಂಪಿಗೆ ಸೇರಿಸಿಕೊಂಡಿದ್ದೆ. ಮೂವತ್ತು ದಾಟಿರಲಿಲ್ಲ. ಮಾತು ಕಡಿಮೆ. ಕಡ್ಡಿಯಂಥ ಮೈ. ಗಂಡ ಸತ್ತಿದ್ದಾನೆ ಎಂದಷ್ಟೇ ಹೇಳಿದ್ದಳು. ಶೇಂಗಾ ಕಿತ್ತು ಗೊತ್ತಿದ್ದ ಕೈಗೆ ಅಡಿಕೆ ಹೊಸದು. ಹಸಿ ಅಡಿಕೆಯ ರಸಕ್ಕೆ ಮೊದಲ ವರ್ಷ ಎಲ್ಲರ ಕೈಯೂ ಕಪ್ಪಾಗಿ, ಬಿರಿದು, ಗುಳ್ಳೆ ಏಳುತ್ತದೆ. ಅವಳದು ಮೊಣಕೈವರೆಗೂ ಎದ್ದಿತ್ತು. ಕೊಬ್ಬರಿ ಎಣ್ಣೆ ಹಚ್ಚಿಕೋ ಎಂದು ಕೊಟ್ಟೆ. ಹಚ್ಚಿಕೊಂಡು ಮತ್ತೆ ಕತ್ತಿಗೆ ಕೂತಳು. ಕೆಲಸಗಳ್ಳಿಯಲ್ಲ. ನನಗೆ ಅಷ್ಟು ಸಾಕಾಗಿತ್ತು.

ದಸರಾ ಆದ ಮೇಲೆ ಬಿಳಿಚೋಡಿನ ರತ್ನಮ್ಮ ಬಂದು ಸೇರಿದಳು. ಬಂದ ದಿನವೇ ತಿಪ್ಪಮ್ಮನನ್ನು ನೋಡಿ ಬಾಯಿಗೆ ಸೆರಗು ಹಿಡಿದಳು. ಮಾರನೆಯ ದಿನ ತಿಪ್ಪಮ್ಮನ ಬೆರಳು ಕುಯ್ದು ರಕ್ತ ಸುರಿಯಿತು. ನಾನು ಅರಿಶಿನ ಒತ್ತಿ ಬಟ್ಟೆ ಕಟ್ಟುವಷ್ಟರಲ್ಲಿ ಅವಳ ಬುಟ್ಟಿಯ ಅಡಿಕೆ ಹಂಡೆಗೆ ಹೋಗಿಯಾಗಿತ್ತು. ಆಗ ರತ್ನಮ್ಮ ಕೂಗಿದಳು.

"ಅಯ್ಯೋ, ಅದನ್ನ ಹಂಡ್ಯಾಗೆ ಹಾಕ್ಬಿಟ್ರಾ! ಇವಳ ಗಂಡ ಬೋರ್‌ವೆಲ್ ಲಾರ್‍ಯಾಗೆ ಇದ್ದ. ಏಡ್ಸ್ ಬಂದು ಸತ್ತ. ಅತ್ತೆ ಮನೇಲಿ ಇವಳಿಗೆ ತಟ್ಟೆ ಬೇರೆ, ಲೋಟ ಬೇರೆ ಇಟ್ಟಿದ್ರು. ಕೇಳ್ರಿ ಬೇಕಾದ್ರೆ."

ಉಳಿದ ಕತ್ತಿಗಳೆಲ್ಲ ಒಟ್ಟಿಗೆ ನಿಂತವು. ತಿಪ್ಪಮ್ಮ ಬಟ್ಟೆ ಕಟ್ಟಿದ ಬೆರಳನ್ನು ನೋಡುತ್ತಾ ಕೂತಿದ್ದಳು.

ರುದ್ರಪ್ಪ ಓಡಿ ಬಂದ. ಅವನಿಗೆ ಹೊಳೆದದ್ದು ಚೊಗರು. ಒಂದು ಸಲ ಬೇಯಿಸಿದ ಚೊಗರನ್ನು ನಾವು ಎಸೆಯುವುದಿಲ್ಲ. ಅದನ್ನೇ ಮುಂದಿನ ಹಂಡೆಗೆ, ಅದರ ಮುಂದಿನ ಹಂಡೆಗೆ ಸೇರಿಸುತ್ತಾ ಹೋಗುತ್ತೇವೆ. ಸುಗ್ಗಿ ಮುಗಿದ ಮೇಲೆ ಡ್ರಮ್ಮಿಗೆ ತುಂಬಿ ಮುಂದಿನ ವರ್ಷಕ್ಕೆ ಇಡುತ್ತೇವೆ. ಹಳೆಯದಾದಷ್ಟೂ ಅಡಿಕೆಗೆ ಬಣ್ಣ, ಹೊಳಪು. ರುದ್ರಪ್ಪನ ಚೊಗರು ಐದು ವರ್ಷದಿಂದ ಬೆಳೆಸಿಕೊಂಡು ಬಂದದ್ದು. ಅವನ ಅಡಿಕೆಗೆ ಮಂಡಿಯಲ್ಲಿ ಹೆಸರಿದ್ದದ್ದೇ ಆ ಬಣ್ಣದಿಂದ. ಆ ದಿನ ಡ್ರಮ್ಮಿನಲ್ಲಿ ಉಳಿದದ್ದನ್ನೂ ಅದೇ ಹಂಡೆಗೆ ಸುರಿದಿದ್ದರು.

"ರಕ್ತ ಚೊಗರಿಗೆ ಹೋತು ಅಂದ್ರೆ ಇನ್ಮ್ಯಾಲೆ ಬೇಯೋ ಅಡಿಕೆಗೆಲ್ಲ ಹೋದಂಗೆ," ಎಂದ. "ಚೆಲ್ರಿ. ಎಲ್ಲಾ ಚೆಲ್ರಿ."

ಇಬ್ಬರು ಆಳು ಹಂಡೆಯನ್ನು ವಾಲಿಸಿದರು. ಐದು ವರ್ಷದ ಚೊಗರು ಅಂಗಳದಿಂದ ಚರಂಡಿಗೆ, ಚರಂಡಿಯಿಂದ ರಸ್ತೆಗೆ ಕೆಂಪಗೆ ಹರಿಯಿತು. ಬೆಂದ ಅಡಿಕೆಯನ್ನು ತಿಪ್ಪೆಗೆ ಹಾಕಿದರು. ಮಧ್ಯಾಹ್ನದ ಮಳೆ ಬಂದು ಉಳಿದದ್ದನ್ನು ತೊಳೆಯಿತು.

ನಾನು ನೋಡುತ್ತಾ ನಿಂತಿದ್ದೆ. ಮೂರು ಸುಗ್ಗಿಯಿಂದ ನನ್ನ ರಕ್ತವೂ ಅಷ್ಟಿಷ್ಟು ಅದೇ ಹಂಡೆಗೆ ಬಿದ್ದಿತ್ತು. ಆ ಅಡಿಕೆಯನ್ನು ರುದ್ರಪ್ಪನೇ ದಿನವಿಡೀ ಅಗಿಯುತ್ತಿದ್ದ. ಅವನಿಗೆ ಏನೂ ಆಗಿರಲಿಲ್ಲ. ಚೆಲ್ಲಬೇಡಿ ಎನ್ನಬಹುದಿತ್ತು. ಅನ್ನಲಿಲ್ಲ. ಅಂದಿದ್ದರೆ ನನ್ನ ಜಾಗವೂ ಹೋಗುತ್ತಿತ್ತು.

ತಿಪ್ಪಮ್ಮನನ್ನು ಸಿಪ್ಪೆ ರಾಶಿಯ ಪಕ್ಕಕ್ಕೆ ಕೂರಿಸಿದರು. ಕುಡಿಯುವ ನೀರಿಗೆ ಬೇರೆ ಕೊಡ. ಕೋಣೆಯಲ್ಲಿ ಮಲಗುವಂತಿಲ್ಲ, ಚಪ್ಪರದಲ್ಲಿ ಮಲಗಬೇಕು.

"ಹೊರಗೆ ಮಲಗಿದ್ರೇನು, ಸೊಳ್ಳೆಗೆ ಗೋಡೆ ಐತಾ?" ಎಂದಳು ರತ್ನಮ್ಮ. "ಅವಳನ್ನ ಕಚ್ಚಿದ್ದು ನಮ್ಮನ್ನೂ ಕಚ್ಚಲ್ವಾ?"

"ಹಂಗಾದ್ರೆ ಸೊಳ್ಳೆಗೂ ಏಡ್ಸ್ ಬಂದು ಸಾಯಬೇಕಲ್ಲೇ," ಎಂದಳು ಹೊನ್ನಾಳಿಯ ಮಾಬೂಬಿ. ಅವಳಿಗೆ ಎಲ್ಲದರಲ್ಲೂ ನಗೆ. ಆದರೆ ಅವಳೂ ತಿಪ್ಪಮ್ಮನ ಕೊಡದ ನೀರು ಕುಡಿಯಲಿಲ್ಲ.

ನಾನು ನನ್ನ ಮಣೆ ಎತ್ತಿಕೊಂಡು ಹೋಗಿ ತಿಪ್ಪಮ್ಮನ ಪಕ್ಕ ಹಾಕಿದೆ. ಅದಕ್ಕೆ ಧೈರ್ಯ ಬೇಕಾಗಿರಲಿಲ್ಲ. ಅವಳಿಂದ ನನಗೆ ಬರುವಂಥದ್ದು ಏನಿತ್ತು?

"ನಂಗೆ ಇಲ್ಲಜ್ಜಿ," ಎಂದಳು. "ಗಂಡ ಸತ್ತಾಗ ಒಂದ್ಸಲ ರಕ್ತ ನೋಡಿದ್ರು, ಆರು ತಿಂಗಳು ಬಿಟ್ಟು ಇನ್ನೊಂದ್ಸಲ ನೋಡಿದ್ರು. ಎರಡೂ ಸಲ ಇಲ್ಲ ಅಂದ್ರು. ಚೀಟಿ ಐತೆ."

"ಮತ್ತೆ ಅತ್ತೆ ಮನೇಲಿ ತೋರಿಸಲಿಲ್ವಾ?"

"ತೋರಿಸ್ದೆ. ಚೀಟಿ ಮುಟ್ಟಲಿಲ್ಲ ಅವ್ರು. ಇಲ್ಲಿಂದ ಹೋದ್ರೆ ಹೋಗಾಕೆ ನಂಗೆ ಜಾಗ ಇಲ್ಲ. ಇನ್ನೊಂದಿಪ್ಪತ್ತು ದಿನ ಇದ್ರೆ ದೀಪಾವಳಿ ಆದ ಮ್ಯಾಲೆ ಬೇರೆ ಕಡೆ ಕೆಲ್ಸಕ್ಕೆ ಕರ್ಕೊಂಡು ಹೋಗ್ತೀನಿ ಅಂದಿದ್ದಾಳೆ ನಮ್ಮ ಚಿಕ್ಕವ್ವ. ಅಲ್ಲೀವರೆಗೂ ಹೆಂಗಾದ್ರೂ ಇರಬೇಕು."

ರುದ್ರಪ್ಪ ಹಳೆಯ ಚೀಟಿ ಬೇಡವೆಂದ. "ಹೊಸಾದು ತರ್ಲಿ. ಇಲ್ಲಾಂದ್ರೆ ಶನಿವಾರ ಬಸ್ಸು ಹತ್ಲಿ."

"ಹಂಗಾದ್ರೆ ಎಲ್ಲಾರ್ದೂ ನೋಡ್ಲಿ," ಎಂದಳು ಮಾಬೂಬಿ. "ನಂದು, ರತ್ನಮ್ಮಂದು, ಅಜ್ಜಿದು."

ಚಪ್ಪರವೆಲ್ಲ ನಕ್ಕಿತು. ರುದ್ರಪ್ಪನೂ ನಕ್ಕ. "ಅಜ್ಜಿಗೆ ಎಲ್ಲಿಂದ ಬರ್ತೈತೆ ಮಾರಾಯ್ತಿ, ಈ ವಯಸ್ನಾಗೆ!"

ನಾನು ಅಡಿಕೆ ಸುಲಿಯುತ್ತಲೇ ಇದ್ದೆ.

ಬುಧವಾರ ತಿಪ್ಪಮ್ಮನನ್ನು ಸರಕಾರಿ ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ಸೂಜಿ ಚುಚ್ಚಿ ರಕ್ತ ತೆಗೆದರು, ಸ್ವಲ್ಪ ಹೊತ್ತಿಗೆ ಫಲಿತಾಂಶ ಬಂತು. ಇಲ್ಲ. ನರ್ಸಮ್ಮನಿಗೆ ಹೇಳಿ ಚೀಟಿಯ ಹಿಂದೆ ಕನ್ನಡದಲ್ಲೂ ಬರೆಸಿಕೊಂಡೆ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಆದರೂ ಆ ಹದಿನಾಲ್ಕು ಜನರಲ್ಲಿ ಅಕ್ಷರ ಕೂಡಿಸಿ ಓದುತ್ತಿದ್ದವಳು ನಾನೊಬ್ಬಳೇ. ಚಪ್ಪರದ ನಡುವೆ ನಿಂತು ಎರಡು ಸಲ ಓದಿದೆ.

ರತ್ನಮ್ಮ ಒಪ್ಪಲಿಲ್ಲ. "ಗಂಡಗೆ ಇದ್ಮ್ಯಾಲೆ ಹೆಂಡ್ತಿಗೆ ಇಲ್ದೆ ಇರ್ತೈತಾ? ಕಾಗದದಾಗೆ ಏನು ಬೇಕಾದ್ರೂ ಬರೀತಾರೆ. ಅವಳ ಕೈ ನೋಡ್ರಿ, ಮೈ ನೋಡ್ರಿ. ಅದೇ ಹೇಳ್ತೈತಲ್ಲ!"

"ನಿನ್ನ ಕೈ ಮೊದ್ಲ ವರ್ಷ ಹೆಂಗಿತ್ತೇ?" ಎಂದು ಕೇಳಿದೆ.

"ನನ್ನ ಗಂಡ ಜೀವಂತ ಅವ್ನೆ," ಎಂದಳು. ನಾನು ಚೀಟಿ ಮಡಚಿ ತಿಪ್ಪಮ್ಮನ ಕೈಗೆ ಕೊಟ್ಟೆ.

ಅಷ್ಟರಲ್ಲಿ ಹೊಸ ನೀರಿನಲ್ಲಿ ಬೆಂದ ಅಡಿಕೆ ಅರ್ಧ ಒಣಗಿತ್ತು. ಹಳೆಯ ಚೊಗರಿಲ್ಲದೆ ಬಣ್ಣ ಹಿಡಿದಿರಲಿಲ್ಲ. ಸತ್ತವರ ಉಗುರಿನ ಹಾಗೆ ಬಿಳಿಚಿಕೊಂಡಿತ್ತು. ರುದ್ರಪ್ಪ ಅಂಗೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಚೆಲ್ಲಿದ್ದು ತಾನು. ಸಿಟ್ಟು ತಿಪ್ಪಮ್ಮನ ಮೇಲೆ.

"ಚೀಟಿ ಗೀಟಿ ನಂಗೆ ಬ್ಯಾಡ. ಶನಿವಾರ ಅವಳು ಹೋಗ್ಲಿ," ಎಂದ.

ಶುಕ್ರವಾರ ಮಧ್ಯಾಹ್ನ ಚಹಾ ಬಂತು. ಎಲ್ಲರೂ ಕೂತಿದ್ದರು. ರುದ್ರಪ್ಪ ಬಾಯಲ್ಲಿ ಅಡಿಕೆ ಹಾಕಿಕೊಂಡು ಕಂಬಕ್ಕೆ ಒರಗಿ ನಿಂತಿದ್ದ. ಒಳ್ಳೆಯತನ ಉಕ್ಕಿ ಬಂತು ಎಂದು ಯಾರೂ ತಿಳಿಯಬೇಡಿ. ಆ ಗುಂಪನ್ನು ಕಟ್ಟಿದವಳು ನಾನು. ನಾನು ಸೇರಿಸಿಕೊಂಡವಳನ್ನು, ಇಲ್ಲದ ಕಾಯಿಲೆ ಅಂಟಿಸಿ, ಬೇರೆ ಯಾರೋ ಕಳಿಸುವುದು ನನಗೆ ಸರಿಬರಲಿಲ್ಲ.

"ಸಾವ್ಕಾರ್ರೇ," ಎಂದೆ. "ತಿಪ್ಪಮ್ಮಗೆ ಆ ಕಾಯಿಲೆ ಇಲ್ಲ. ನಂಗೈತೆ."

ಮಾಬೂಬಿ ಕಿಸಕ್ಕೆಂದಳು.

"ಯಾರು ಕೊಟ್ರಜ್ಜಿ? ಹೆಸ್ರು ಹೇಳು, ನಾವೂ ನೋಡ್ತೀವಿ ಆ ಗಂಡ್ಸನ್ನ."

"ನನ್ನ ಗಂಡ."

"ಹನ್ನೆರಡು ವರ್ಷದ ಹಿಂದೆ ಸತ್ತೋನು ಈಗ ಬಂದು ಕೊಟ್ನಾ?"

"ಆಗ್ಲೇ ಕೊಟ್ಟಿದ್ದ. ನಂಗೆ ಗೊತ್ತಾಗಾಕೆ ತಡ ಆತು. ಅದು ಹಂಗೇ, ಎಷ್ಟೋ ವರ್ಷ ಸುಮ್ನೆ ಕೂತಿರ್ತೈತೆ."

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಚೀಲದಿಂದ ಮಾತ್ರೆ ಡಬ್ಬಿ ತೆಗೆದು ನಡುವೆ ಇಟ್ಟೆ. ಮಾಬೂಬಿ ಎತ್ತಿ ಅಲ್ಲಾಡಿಸಿದಳು.

"ಇದು ಬಿಪಿದಲ್ವಾ? ನಮ್ಮತ್ತೆ ಸಕ್ಕರೆ ಕಾಯಿಲೆ ಮಾತ್ರೆನೂ ಇಂಥಾ ಡಬ್ಬ್ಯಾಗೇ ಇರ್ತಾವೆ."

ಡಬ್ಬಿಯ ಮೇಲಿದ್ದದ್ದು ಇಂಗ್ಲಿಷು. ಅದು ನನಗೂ ಬಾರದು. ಆಸ್ಪತ್ರೆಯ ಪುಸ್ತಕ ಊರಲ್ಲಿ ಟ್ರಂಕಿನ ತಳದಲ್ಲಿತ್ತು. ಮೂರು ವರ್ಷ ಅಷ್ಟು ಜೋಪಾನವಾಗಿ ಮುಚ್ಚಿಟ್ಟದ್ದು ಈಗ ಬಿಚ್ಚಿ ತೋರಿಸಿದರೂ ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ.

"ಸಾವ್ಕಾರ್ರೇ, ಮೂರು ಸುಗ್ಗಿಯಿಂದ ನನ್ನ ರಕ್ತ ನಿಮ್ಮ ಹಂಡ್ಯಾಗೆ ಬಿದ್ದೈತೆ. ಈಗ ನಿಮ್ಮ ಬಾಯಾಗೆ ಇರೋದೂ ಅದೇ ಅಡಿಕೆ. ನಿಮ್ಗೇನಾಗೈತೆ?"

ರುದ್ರಪ್ಪ ಅಗಿಯುವುದನ್ನು ನಿಲ್ಲಿಸಿದ. ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ಆಮೇಲೆ ನಕ್ಕ. ನಕ್ಕು, ಹೊರಗೆ ಹೋಗಿ ಉಗಿದು ಬಂದ.

"ನಿನ್ನಂಥ ಗುಂಡುಕಲ್ಲಿಗೆ ಏಡ್ಸ್ ಬಂದ್ರೆ ಲೋಕದಾಗೆ ಯಾರೂ ಉಳಿಯಲ್ಲ ಕೆಂಚಮ್ಮ. ಅವಳನ್ನ ಉಳಿಸಾಕೆ ಎಂಥಾ ಸುಳ್ಳು ಹುಟ್ಟಿಸ್ತೀಯ!"

"ಸುಳ್ಳೋ ನಿಜಾನೋ. ಅವಳನ್ನ ಕಳಿಸೋದಾದ್ರೆ ಮೊದ್ಲು ನನ್ನ ಕಳಿಸ್ರಿ. ನಾನು ಬಸ್ಸು ಹತ್ತಿದ್ರೆ ನ್ಯಾಮತಿಯೋರು ಆರು ಜನ ನನ್ನ ಹಿಂದೇ ಹತ್ತುತಾರೆ."

ಅಂಗಳದಲ್ಲಿ ಎರಡು ಟ್ರ್ಯಾಕ್ಟರ್ ಹಸಿ ಅಡಿಕೆ ಬಿದ್ದಿತ್ತು, ಗುಡುಗು ಶುರುವಾಗಿತ್ತು. ರುದ್ರಪ್ಪ ಮೋಡ ನೋಡಿದ, ರಾಶಿ ನೋಡಿದ.

"ಇರ್ಲಿ ಬಿಡು ಅತ್ಲಾಗೆ," ಎಂದ. "ಏಳ್ರಿ, ಟಾರ್ಪಾಲು ಎಳೀರಿ."

ಹೀಗೆ ತಿಪ್ಪಮ್ಮ ಉಳಿದಳು. ನಾನು ಹೇಳಿದ್ದನ್ನು ನಂಬಿ ಅಲ್ಲ. ಆದರೂ ಅಜ್ಜಿ ಇಷ್ಟು ದೊಡ್ಡ ಸುಳ್ಳು ಹೇಳಿದ್ದಾಳೆ ಎಂದರೆ ಹುಡುಗಿಯಲ್ಲಿ ಏನೂ ಇರಲಿಕ್ಕಿಲ್ಲ ಎಂದು ಹೆಂಗಸರು ಅಂದುಕೊಂಡರು. ಎರಡು ದಿನದಲ್ಲಿ ಬೇರೆ ಕೊಡ ಮೂಲೆಗೆ ಹೋಯಿತು. ಅವಳು ಮತ್ತೆ ಕೋಣೆಯೊಳಗೆ ಮಲಗಿದಳು. ರತ್ನಮ್ಮ ಒಂದು ವಾರ ಮುಖ ಊದಿಸಿಕೊಂಡಿದ್ದು ಆಮೇಲೆ ಅವಳ ಹತ್ತಿರವೇ ಎಣ್ಣೆ ಇಸಿದುಕೊಂಡು ತಲೆಗೆ ಹಚ್ಚಿಕೊಂಡಳು.

ಆದರೆ ಶನಿವಾರ ಬೆಳಿಗ್ಗೆ, ಅಂದರೆ ನಾನು ಹೇಳಿದ ಮಾರನೆಯ ದಿನ, ನಾನು ಕೆಲಸಕ್ಕೆ ಬಂದಾಗ ನನ್ನ ಪಕ್ಕ ತಿಪ್ಪಮ್ಮನ ಮಣೆ ಇರಲಿಲ್ಲ. ಕಂಬದ ಆಚೆಗೆ ಹಾಕಿಕೊಂಡು ಕೂತಿದ್ದಳು. ನಡುವೆ ಮೂರು ಮಾರು ಜಾಗ. ಮಧ್ಯಾಹ್ನ ನನ್ನ ಚೊಂಬು ಚಾಚಿದೆ. ಬಾಯಾರಿಕೆ ಇಲ್ಲ ಎಂದಳು. ಐದು ನಿಮಿಷದ ಮೇಲೆ ಎದ್ದು ಹೋಗಿ ಕೊಡದಿಂದ ಕುಡಿದಳು.

ನಾಲ್ಕೈದು ದಿನ ಬಿಟ್ಟು ಸಿಪ್ಪೆ ಹೊತ್ತು ಹಾಕಲು ಇಬ್ಬರೇ ಹೋದಾಗ ಅವಳೇ ಬಾಯಿಬಿಟ್ಟಳು. ಆಗಲೂ ಬುಟ್ಟಿಯನ್ನು ನಡುವೆ ಹಿಡಿದುಕೊಂಡಿದ್ದಳು.

"ಅವ್ರಿಗೆ ಗೊತ್ತಿಲ್ಲ ಅಜ್ಜಿ. ನಂಗೆ ಗೊತ್ತಾತು. ಅದೇ ಡಬ್ಬಿ ನಮ್ಮ ಮನ್ಯಾಗೂ ಇತ್ತು."

"ಮತ್ತೆ ನಿನ್ನ ಗಂಡ ಯಾಕೆ ಸತ್ತ?"

"ಮೂರು ತಿಂಗಳು ನುಂಗ್ದ. ಯಾವನೋ ಬೇರಿನ ಕಷಾಯ ಕೊಟ್ಟು, ಇದ್ರಾಗೇ ವಾಸಿ ಆಗ್ತೈತೆ, ಮಾತ್ರೆ ಬಿಟ್ಬಿಡು ಅಂದ. ಬಿಟ್ಟ. ಕಡೇ ದಿನದಾಗೆ ನಾನೇ ಎತ್ತಿ, ನಾನೇ ತೊಳೆದು, ಎಲ್ಲಾ ಮಾಡ್ದೆ. ನಂಗೇನೂ ಬರ್ಲಿಲ್ಲ. ಹಂಗೆಲ್ಲ ಬರಲ್ಲ ಅಂತ ನಿಂಗಿಂತ ನಂಗೇ ಚೆನ್ನಾಗಿ ಗೊತ್ತು." ಬುಟ್ಟಿ ಕೆಳಗಿಟ್ಟಳು. "ಆದ್ರೂ ನಿನ್ನ ಪಕ್ಕ ಕೂತ್ರೆ ಆತನ ಪಕ್ಕ ಕೂತಂಗಾಗ್ತೈತೆ. ಕತ್ತಿ ಜಾರ್ತೈತೆ."

"ಹಂಗಾದ್ರೆ ಆ ಕಡೇನೇ ಕೂತ್ಕೋ," ಎಂದೆ. "ಬೆರಳು ಕುಯ್ಕೋಬ್ಯಾಡ."

ಅವಳು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನಂಬುತ್ತಿದ್ದರು, ಡಬ್ಬಿ ನೋಡಿ ಗೊತ್ತಿದ್ದವಳು ಅವಳೊಬ್ಬಳೇ. ರತ್ನಮ್ಮ ಎರಡು ಮೂರು ಸಲ ಕೆಣಕಿದಳು, "ಅಜ್ಜಿ ಅಷ್ಟು ಮಾಡಿದ್ರೂ ದೂರ ಕೂರ್ತೀಯಲ್ಲೇ, ಉಪಕಾರ ಇಲ್ದೋಳೆ" ಎಂದು. ತಿಪ್ಪಮ್ಮ ಬೈಸಿಕೊಂಡು ಅಡಿಕೆ ಸುಲಿದಳು.

ಸುಗ್ಗಿ ಮುಗಿಯಲು ನಾಲ್ಕು ದಿನವಿತ್ತು. ಮಳೆ ನಿಂತು ಚಳಿ ಶುರುವಾಗಿತ್ತು. ಚಳಿಗೆ ಬೆರಳು ಮರಗಟ್ಟಿ ನನ್ನ ಹೆಬ್ಬೆರಳು ಕತ್ತಿಗೆ ಸಿಕ್ಕಿತು. ಆಳವಾಗಿಯೇ ಕುಯ್ದಿತು. ಮಾಬೂಬಿ ಎದ್ದು ಓಡಿ ಬಂದಳು.

"ಹತ್ರ ಬರಬ್ಯಾಡ್ರಿ, ನಾನೇ ಕಟ್ಕೋತೀನಿ," ಎಂದೆ.

"ಅಜ್ಜಿ ಇನ್ನೂ ನಾಟಕ ಬಿಟ್ಟಿಲ್ಲ ನೋಡ್ರೇ!" ಎಂದು ನಗುತ್ತಾ ಅವಳು ನನ್ನ ಕೈಗೆ ಕೈ ಹಾಕಲು ಬಂದಳು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಕಟ್ಟಿಕೊಳ್ಳಲು ನನ್ನ ಹತ್ತಿರ ಬಟ್ಟೆ ಇರಲಿಲ್ಲ. ರಕ್ತ ಮಣೆಯ ಮೇಲೆ ತೊಟ್ಟಿಕ್ಕುತ್ತಿತ್ತು.

ಕಂಬದ ಆಚೆ ಪರ್ರೆಂದು ಬಟ್ಟೆ ಹರಿದ ಸದ್ದಾಯಿತು. "ಮಾಬೂಬಕ್ಕ, ಕೂತ್ಕೋ ನೀನು. ಅಜ್ಜಿಗೆ ಬೇರೆಯೋರು ಕಟ್ಟಿದ್ರೆ ಆಗಿಬರಲ್ಲ," ಎಂದಳು ತಿಪ್ಪಮ್ಮ. ಸೆರಗಿನ ಅಂಚನ್ನೇ ಗೇಣಗಲ ಹರಿದು, ಉಂಡೆ ಮಾಡಿ, ಕೂತಲ್ಲಿಂದಲೇ ಎಸೆದಳು. ಅದು ನನ್ನ ಮಡಿಲಿಗೆ ಬಿತ್ತು. ನಾನು ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಿಗಿಯಾಗಿ ಕಟ್ಟಿದೆ, ಮಣೆ ಒರೆಸಿದೆ, ಮತ್ತೆ ಕತ್ತಿಗೆ ಕೂತೆ.

ದೀಪಾವಳಿ ಆದ ಮೇಲೆ ಚಿಕ್ಕವ್ವ ಬಂದು ಅವಳನ್ನು ಕರೆದುಕೊಂಡು ಹೋದಳು. ಆಮೇಲೆ ನಾನು ಅವಳನ್ನು ನೋಡಿಲ್ಲ.

ಅವಳು ಎಸೆದ ಆ ಬಟ್ಟೆಯನ್ನು ಬೆರಳು ಕುಯ್ದ ದಿನ ಸಂಜೆಯೇ ಬಿಚ್ಚಿ ಹಂಡೆಯ ಕೆಳಗಿನ ಒಲೆಗೆ ಹಾಕಿದೆ. ಮೇಲೆ ಅಡಿಕೆ ಕುದಿಯುತ್ತಿತ್ತು. ಹೊಸ ಚೊಗರು ಅಷ್ಟರಲ್ಲಿ ಬಣ್ಣ ಹಿಡಿದಿತ್ತು.